ಬೆಂಗಳೂರಿಗೆ ಬಂದ ಹೊಸದರಲ್ಲಿ ಮಕ್ಕಳ ಶಾಲೆ ತಪ್ಪದಿರಲಿ

ಬಾಡಿಗೆ ಮನೆ ಹುಡುಕಿ, ಅಡ್ವಾನ್ಸ್ ಹೊಂದಿಸಿ, ಕೆಲಸದ ಜಾಗಕ್ಕೆ ಯಾವ ಬಸ್ ಹೋಗುತ್ತದೆ ಅಂತ ಗೊತ್ತು ಮಾಡಿಕೊಳ್ಳುವಷ್ಟರಲ್ಲಿ ಒಂದು ತಿಂಗಳು ಕಳೆದೇ ಹೋಗಿರುತ್ತದೆ. ಅಷ್ಟು ದಿನವೂ ಮಗು ಮನೆಯಲ್ಲೇ. ಶಾಲೆ ಬಿಡಿಸಬೇಕು ಅಂತ ಯಾವ ತಂದೆ ತಾಯಿಯೂ ಬಿಡಿಸುವುದಿಲ್ಲ. ಟಿಸಿ ಬರಲಿ, ಸಂಬಳ ಆಗಲಿ, ಅಮಾವಾಸ್ಯೆ ಕಳೀಲಿ, ಸೋಮವಾರದಿಂದ ಕಳಿಸೋಣ ಅಂತ ಒಂದೊಂದೇ ದಿನ ಮುಂದಕ್ಕೆ ಹೋಗುತ್ತದೆ. ಆಮೇಲೆ ಮಗುವಿಗೇ ಹೋಗೋಕೆ ಮುಜುಗರ. ಇಷ್ಟು ದಿನ ಎಲ್ಲಿದ್ದೆ ಅಂತ ಎಲ್ಲರ ಮುಂದೆ ಕೇಳ್ತಾರೆ ಅನ್ನೋ ಹೆದರಿಕೆ.

ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ, ಗಾರ್ಮೆಂಟ್ಸ್ ಕೆಲಸಕ್ಕೆ ಬಂದವರೂ, ವರ್ಗಾವಣೆಯಾಗಿ ಬಂದು ಅಪಾರ್ಟ್‌ಮೆಂಟ್ ಸೇರಿದವರೂ ನಮ್ಮ ಸಂಘಕ್ಕೆ ಬರುತ್ತಾರೆ. ಎಲ್ಲರಿಗೂ ನಾವು ಹೇಳುವುದು ಒಂದೇ ಮಾತು. ರಜೆ ಹಾಕಿಸುವುದು ತಪ್ಪಲ್ಲ. ಶಾಲೆಗೆ ಹೇಳದೆ ಹಾಕಿದ ರಜೆ ಮತ್ತು ನಾಳೆ ಕಳಿಸೋಣ ನಾಡಿದ್ದು ಕಳಿಸೋಣ ಅಂತ ಎಳೆದ ರಜೆ, ಮಕ್ಕಳು ಕೈತಪ್ಪಿ ಹೋಗುವುದು ಇವೆರಡರಲ್ಲೇ.

ಕಾಗದಕ್ಕೆ ಕಾಯಬೇಡಿ

ಊರಿನ ಶಾಲೆಯಿಂದ ಟಿಸಿ ತಂದಿಲ್ಲವಾ? ಪರವಾಗಿಲ್ಲ, ಮಗುವನ್ನು ಕರೆದುಕೊಂಡು ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯಿಸುತ್ತದೆ. ಟಿಸಿ ತಡವಾಯಿತು ಅಂತ ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಜನನ ಪ್ರಮಾಣಪತ್ರ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಜೂನ್ ಮುಗಿದಿದೆ, ಮುಂದಿನ ವರ್ಷ ಬನ್ನಿ ಅನ್ನುವಂತಿಲ್ಲ. ಮಧ್ಯದಲ್ಲಿ ಎರಡು ವರ್ಷ ಓದು ಬಿಟ್ಟುಹೋಗಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದ ಪಾಠಕ್ಕೆ ಬೇರೆ ತರಬೇತಿ ಕೊಡಬೇಕು.

ಹಳೇ ಶಾಲೆಯ ಹೆಸರು, ತಾಲ್ಲೂಕು, ಮತ್ತೆ ಮಗುವಿನ ಸ್ಯಾಟ್ಸ್ ನಂಬರ್ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ರಾಜ್ಯದ ಶಾಲಾ ಮಕ್ಕಳಿಗೆಲ್ಲ ಈ ನಂಬರ್ ಇರುತ್ತದೆ. ಅದು ಸಿಕ್ಕರೆ ಹೊಸ ಶಾಲೆಯವರು ಮಗುವಿನ ವಿವರವನ್ನು ಕಂಪ್ಯೂಟರಿನಲ್ಲೇ ನೋಡಬಹುದು, ನೀವು ಸುಮ್ನೆ ಊರಿಗೂ ಬೆಂಗಳೂರಿಗೂ ಓಡಾಡಬೇಕಿಲ್ಲ. ಊರಿನ ಮೇಷ್ಟ್ರ ಫೋನ್ ನಂಬರ್ ಇದ್ದರೆ ಇನ್ನೂ ಒಳ್ಳೆಯದು.

ಮನೆ ಬದಲಾಯಿಸುವಾಗಲೂ ಇದು ನೆನಪಿರಲಿ. ಬಾಡಿಗೆ ಏರಿತು ಅಂತ ಲಗ್ಗೆರೆಯಿಂದ ನೆಲಮಂಗಲದ ಕಡೆಗೆ ಹೋಗುತ್ತೀರಿ, ಮಗು ಮಾತ್ರ ಹಳೇ ಶಾಲೆಗೇ ಹೋಗಲಿ ಅನ್ನುತ್ತೀರಿ. ಎರಡು ವಾರ ಹೇಗೋ ನಡೆಯುತ್ತದೆ, ಮೂರನೇ ವಾರ ಬಸ್ ತಪ್ಪುತ್ತದೆ, ಆಮೇಲೆ ಅದೇ ಅಭ್ಯಾಸ. ಹತ್ತನೇ ತರಗತಿಯ ಮಗುವಾದರೆ ಆ ವರ್ಷದ ಮಟ್ಟಿಗೆ ಹಳೇ ಶಾಲೆಯಲ್ಲೇ ಉಳಿಸಿ, ಬಸ್ಸಿನ ವ್ಯವಸ್ಥೆ ಮಾಡಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಸಾಮಾನ್ಯ ಬಸ್ ಉಚಿತ, ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್ ಸಿಗುತ್ತದೆ. ಚಿಕ್ಕ ತರಗತಿಯವರಾದರೆ ಮನೆ ಹತ್ತಿರದ ಶಾಲೆಗೆ ಬದಲಾಯಿಸುವುದೇ ವಾಸಿ ಅಂತ ನಮ್ಮ ಅನಿಸಿಕೆ.

ಹಾಜರಿ ಲೆಕ್ಕ ಹೇಗೆ

ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 6ರಿಂದ 8ಕ್ಕೆ 220 ದಿನ ಶಾಲೆ ನಡೆಯಬೇಕು. ತಿಂಗಳಿಗೆ ಎರಡೇ ದಿನ ತಪ್ಪಿಸಿದೆವು ಅಂದುಕೊಳ್ಳಿ, ಹತ್ತು ತಿಂಗಳಿಗೆ 20 ದಿನ ಆಯಿತು. ಸುಮಾರು ಒಂದು ತಿಂಗಳ ಪಾಠ ಹೋಯಿತು ಅಂತ ಅರ್ಥ. ಭಾಗಾಕಾರ ಹೇಳಿಕೊಟ್ಟ ವಾರ ಮಗು ಇರಲಿಲ್ಲ ಅಂದರೆ ಭಿನ್ನರಾಶಿ ಬಂದಾಗ ಅದಕ್ಕೆ ಏನೂ ತಿಳಿಯುವುದಿಲ್ಲ, ತಿಳಿಯದ ಕಡೆ ಕೂರಲು ಯಾವ ಮಗುವಿಗೂ ಮನಸ್ಸಾಗುವುದಿಲ್ಲ, ಹಾಗಾಗಿ ಇನ್ನೊಂದು ದಿನ ತಪ್ಪಿಸುತ್ತದೆ.

ಶನಿವಾರದ ಬಗ್ಗೆ ವಿಶೇಷವಾಗಿ ಹೇಳಬೇಕು. ಸರ್ಕಾರಿ ಶಾಲೆಗಳಲ್ಲಿ ಶನಿವಾರ ಬೆಳಗಿನ ತರಗತಿ. ಅರ್ಧ ದಿನ ತಾನೇ ಅಂತ ಬಹಳ ಜನ ಕಳಿಸುವುದೇ ಇಲ್ಲ. ಹಾಜರಿ ಪುಸ್ತಕದಲ್ಲಿ ಅದೂ ಲೆಕ್ಕವೇ. ಮಳೆಗೆ ಜಿಲ್ಲಾಧಿಕಾರಿಗಳು ರಜೆ ಕೊಟ್ಟಾಗ ಆ ಪಾಠವನ್ನು ತುಂಬಿಸಿಕೊಳ್ಳುವುದೂ ಹೆಚ್ಚಾಗಿ ಶನಿವಾರವೇ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇಕಡ 75 ಹಾಜರಿ ಬೇಕು. ಸಿಬಿಎಸ್‌ಇ ಹತ್ತು, ಹನ್ನೆರಡಕ್ಕೂ ಅಷ್ಟೇ. ದೊಡ್ಡ ಕಾಯಿಲೆ ಅಥವಾ ಅಂಥ ತುರ್ತು ಇದ್ದರೆ ದಾಖಲೆ ತೋರಿಸಿ ರಿಯಾಯಿತಿ ಕೇಳಬಹುದು, ಆದರೆ ಪರೀಕ್ಷೆ ಹತ್ತಿರ ಬಂದ ಮೇಲೆ ಡಾಕ್ಟರ್ ಚೀಟಿ ಹುಡುಕಿದರೆ ಕೆಲಸ ಆಗಲ್ಲ. ಅದಕ್ಕೇ ಒಂಬತ್ತು, ಹತ್ತನೇ ತರಗತಿಯ ಮಕ್ಕಳ ತಂದೆ ತಾಯಿ ದಸರಾ ರಜೆ ಮುಗಿದ ತಕ್ಷಣ ಒಮ್ಮೆ ಶಾಲೆಗೆ ಹೋಗಿ, ಇದುವರೆಗೆ ಎಷ್ಟು ಹಾಜರಿ ಆಗಿದೆ ಅಂತ ಕೇಳಿ. ಕಡಿಮೆ ಇದ್ದರೆ ಸರಿಮಾಡಿಕೊಳ್ಳಲು ಇನ್ನೂ ಸಮಯ ಇರುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಶಾಲೆಯಿಂದ ಹೊರಗಿರುವ ಮಕ್ಕಳ ವಿಷಯವನ್ನು 2013ರಲ್ಲಿ ನಮ್ಮ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಆಮೇಲೆ ಕರ್ನಾಟಕದಲ್ಲಿ ನಿಯಮ ಬಿಗಿಯಾಯಿತು. ಮಗು ಏನೂ ತಿಳಿಸದೆ ಸತತ 7 ದಿನ ಬರದಿದ್ದರೆ ಅದನ್ನು ಶಾಲೆಯಿಂದ ಹೊರಗುಳಿದ ಮಗು ಅಂತ ಪರಿಗಣಿಸುತ್ತಾರೆ. ಹಾಗಾಗಿ ಶಾಲೆಯವರು ಫೋನ್ ಮಾಡಿದರೆ, ಮನೆ ಬಾಗಿಲಿಗೆ ಬಂದರೆ ಗಾಬರಿ ಆಗಬೇಡಿ, ಬೈಯೋಕೆ ಬಂದಿದ್ದಾರೆ ಅಂತ ಬಾಗಿಲು ಹಾಕಬೇಡಿ. ಮಗು ಎಲ್ಲಿದೆ, ಹೇಗಿದೆ ಅಂತ ನೋಡುವುದು ಅವರ ಕೆಲಸ. ಇದ್ದ ವಿಷಯ ಇದ್ದ ಹಾಗೆ ಹೇಳಿ.

ರಜೆ ಚೀಟಿ

ಚೀಟಿ ಬರೆಯಲು ಬಹಳ ಜನ ಹಿಂಜರಿಯುತ್ತಾರೆ, ಇಂಗ್ಲಿಷಿನಲ್ಲೇ ಇರಬೇಕೇನೋ ಅಂತ. ಬೇಕಿಲ್ಲ. ಖಾಸಗಿ ಶಾಲೆಯಾದರೂ ಕನ್ನಡದಲ್ಲಿ ಬರೆದು ಡೈರಿಯಲ್ಲಿ ಇಡಿ. ಇಷ್ಟು ಸಾಕು:

ತರಗತಿ ಶಿಕ್ಷಕರಿಗೆ ನಮಸ್ಕಾರ. 4ನೇ ತರಗತಿಯ ನಮ್ಮ ಮಗಳಿಗೆ ನಿನ್ನೆ ರಾತ್ರಿಯಿಂದ ಜ್ವರ ಇದೆ. ಇವತ್ತು, ನಾಳೆ ಬರುವುದಿಲ್ಲ. ಗುರುವಾರ ಕಳಿಸುತ್ತೇವೆ. ಈ ಎರಡು ದಿನದಲ್ಲಿ ಆದ ಪಾಠ ತಿಳಿಸಿದರೆ ಮನೆಯಲ್ಲಿ ಓದಿಸುತ್ತೇವೆ. ಇಂತಿ, ತಾಯಿಯ ಸಹಿ.

ಮುಖ್ಯವಾದದ್ದು ಗುರುವಾರ ಕಳಿಸುತ್ತೇವೆ ಅನ್ನುವ ಸಾಲು. ವಾಪಸ್ ಬರುವ ದಿನ ಬರೆದರೆ ನಿಮಗೂ ಅದು ನೆನಪಿರುತ್ತದೆ, ಟೀಚರೂ ಅವತ್ತು ಮಗುವಿಗಾಗಿ ನೋಡುತ್ತಾರೆ. ಓದು ಬರಹ ಬರದಿದ್ದರೆ ಬೆಳಿಗ್ಗೆ ಶಾಲೆ ಶುರುವಾಗುವ ಮುಂಚೆ ಒಂದು ಫೋನ್ ಮಾಡಿ, ಇಲ್ಲವೇ ವಾಟ್ಸಾಪಿನಲ್ಲಿ ಧ್ವನಿ ಕಳಿಸಿ. ಪಕ್ಕದ ಮನೆ ಹುಡುಗನ ಕೈಲಿ ಹೇಳಿ ಕಳಿಸಿದರೆ ಅವನು ಮರೆಯುತ್ತಾನೆ. ಫೋನ್ ನಂಬರ್ ಬದಲಾದರೆ ಅದನ್ನೂ ಶಾಲೆಗೆ ತಿಳಿಸಿ. ಎಷ್ಟೋ ಸಲ ಶಾಲೆಯವರು ಕರೆ ಮಾಡುತ್ತಲೇ ಇರುತ್ತಾರೆ, ಆ ಸಿಮ್ ಊರಲ್ಲಿ ಅಜ್ಜನ ಕೈಲಿರುತ್ತದೆ.

ಕಾಯಿಲೆ ವಿಷಯಕ್ಕೆ ಬಂದರೆ, ಸ್ವಲ್ಪ ನೆಗಡಿಗೆ ಮನೆಯಲ್ಲಿ ಕೂರಿಸಬೇಡಿ. ಜ್ವರ, ವಾಂತಿ, ಭೇದಿ ಇದ್ದರೆ ಕಳಿಸಬೇಡಿ. ಮಾತ್ರೆ ಇಲ್ಲದೆ ಒಂದು ಪೂರ್ತಿ ದಿನ ಜ್ವರ ಬರದಿದ್ದರೆ ಮಾರನೇ ದಿನ ಕಳಿಸಬಹುದು. ಮೈಮೇಲೆ ಅಮ್ಮ ಎದ್ದರೆ, ಅಂದರೆ ಚಿಕನ್ ಪಾಕ್ಸ್ ಆದರೆ, ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ಮನೆಯಲ್ಲೇ ಇರಲಿ. ಇದನ್ನು ಮುಚ್ಚಿಡಬೇಡಿ, ಶಾಲೆಗೆ ಹೇಳಿದರೆ ಬೇರೆ ಮಕ್ಕಳ ಮನೆಯವರೂ ಎಚ್ಚರವಾಗಿರುತ್ತಾರೆ. ಮಳೆಗಾಲದಲ್ಲಿ ಜ್ವರ ಬಂದರೆ ಡೆಂಗಿ ಇರಬಹುದು, ಅಂಗಡಿ ಮಾತ್ರೆ ನುಂಗಿಸಿ ಕಾಯಬೇಡಿ, ಹತ್ತಿರದ ಸರ್ಕಾರಿ "ನಮ್ಮ ಕ್ಲಿನಿಕ್"ನಲ್ಲಿ ತೋರಿಸಿ. ಅವರು ಕೊಟ್ಟ ಚೀಟಿ ಬಿಸಾಡಬೇಡಿ.

ಮಗು ಹೋಗಲ್ಲ ಅಂದರೆ

ಇದೇ ಕಷ್ಟದ ವಿಷಯ. ನಮ್ಮ ಬಡಾವಣೆಗೆ ಯಾದಗಿರಿ ಕಡೆಯಿಂದ ಬಂದ ಐದನೇ ತರಗತಿಯ ಹುಡುಗಿಯೊಬ್ಬಳಿಗೆ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು. ಒಂಬತ್ತೂವರೆ ಆದರೆ ನೋವೇ ಇಲ್ಲ. ನಾಟಕ ಮಾಡ್ತಾಳೆ ಅಂತ ಅಪ್ಪ ಎರಡು ಏಟು ಹಾಕಿದ. ಅವರಮ್ಮ ನಮ್ಮ ಹತ್ತಿರ ಬಂದಾಗ ಹುಡುಗಿಯನ್ನು ನಿಧಾನವಾಗಿ ಮಾತಾಡಿಸಿದೆವು. ಅವಳು ಮಿಸ್ ಕೇಳಿದ್ದಕ್ಕೆ ತನ್ನ ಊರಿನ ಮಾತಿನಲ್ಲಿ "ಬರ್ಯಾಕತ್ತೀನ್ರಿ" (ಬರೆಯುತ್ತಿದ್ದೇನೆ) ಅಂದಿದ್ದಳು. ತರಗತಿ ಪೂರ್ತಿ ನಕ್ಕಿತ್ತು. ಅಷ್ಟೇ. ಅವತ್ತಿನಿಂದ ಅವಳು ಅಲ್ಲಿ ಬಾಯಿ ಬಿಟ್ಟಿರಲಿಲ್ಲ, ನೀರು ಕುಡಿಯಲು ಹೋಗಬೇಕು ಅಂತಲೂ ಕೇಳುತ್ತಿರಲಿಲ್ಲ. ಆ ಹೊಟ್ಟೆನೋವು ಸುಳ್ಳಲ್ಲ, ಹೆದರಿಕೆಗೆ ನಿಜವಾಗಿಯೂ ಹೊಟ್ಟೆ ಕಿವುಚುತ್ತದೆ. ಮಿಸ್‌ಗೆ ವಿಷಯ ತಿಳಿಸಿದೆವು, ಪಾಪ ಅವರಿಗೆ ಗೊತ್ತೇ ಇರಲಿಲ್ಲ. ಅವಳ ಓಣಿಯಲ್ಲೇ ಇರುವ ಇನ್ನೊಂದು ಹುಡುಗಿಯನ್ನು ಅವಳ ಪಕ್ಕ ಕೂರಿಸಿದರು, ಇಬ್ಬರೂ ಬೆಳಿಗ್ಗೆ ಜೊತೆಗೆ ಹೊರಡುವ ಹಾಗೆ ಮಾಡಿದರು. ನಿಧಾನಕ್ಕೆ ಸರಿಹೋಯಿತು.

ಆದ್ದರಿಂದ ಹೊಡೆಯಬೇಡಿ, ಕೇಳಿ. ಯಾಕೆ ಹೋಗಲ್ಲ ಅಂತ ಕೇಳಿದರೆ ಮಕ್ಕಳು ಹೇಳುವುದಿಲ್ಲ. ಊಟಕ್ಕೆ ಯಾರ ಜೊತೆ ಕೂತೆ, ಆಟದಲ್ಲಿ ಯಾರು ಸೇರಿಸಿಕೊಂಡರು, ಶೌಚಾಲಯಕ್ಕೆ ಚಿಲಕ ಇದೆಯಾ ಅಂತ ಕೇಳಿ, ಆಗ ಹೊರಬರುತ್ತದೆ. ಶಾಲೆಯಲ್ಲಿ ಯಾರಾದರೂ ಹೊಡೆಯುತ್ತಿದ್ದರೆ, ಹೀಯಾಳಿಸುತ್ತಿದ್ದರೆ ಅದಕ್ಕೆ ಕಾನೂನಿನಲ್ಲಿ ಅವಕಾಶವೇ ಇಲ್ಲ, ಹೆಡ್ ಮೇಷ್ಟ್ರ ಹತ್ತಿರ ನೇರವಾಗಿ ಮಾತಾಡಿ. ದೊಡ್ಡ ಹೆಣ್ಣುಮಕ್ಕಳು ತಿಂಗಳಲ್ಲಿ ಅದೇ ಮೂರು ನಾಲ್ಕು ದಿನ ತಪ್ಪಿಸುತ್ತಿದ್ದರೆ ಕಾರಣ ನಿಮಗೇ ಗೊತ್ತಾಗುತ್ತದೆ. ಸರ್ಕಾರದ ಶುಚಿ ಯೋಜನೆಯಲ್ಲಿ ಶಾಲೆಯಲ್ಲೇ ಪ್ಯಾಡ್ ಕೊಡುವ ವ್ಯವಸ್ಥೆ ಇದೆ, ಸಂಕೋಚ ಬಿಟ್ಟು ಮಿಸ್ ಹತ್ತಿರ ಕೇಳಿ.

ಸ್ವಲ್ಪ ದೊಡ್ಡ ಹುಡುಗರು ಮನೆಯಿಂದ ಹೊರಟು ಶಾಲೆಗೆ ಚಕ್ಕರ್ ಹೊಡೆಯುವುದೂ ಇದೆ. ತಿಂಗಳಿಗೊಮ್ಮೆ ನೀವೇ ಹೋಗಿ ಟೀಚರನ್ನು ಕಂಡು ಬಂದರೆ ಇದು ಬೇಗ ತಿಳಿಯುತ್ತದೆ.

ಕೆಲವು ಸಲ ಮಗುವಿಗೆ ಹೋಗುವ ಆಸೆ ಇರುತ್ತದೆ, ಮನೆಯೇ ಬಿಡುವುದಿಲ್ಲ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗಬೇಕು, ಕೂಸನ್ನು ನೋಡಿಕೊಳ್ಳಲು ದೊಡ್ಡ ಮಗಳು ಉಳಿಯಬೇಕು. ಈ ಕಷ್ಟ ಸಣ್ಣದಲ್ಲ ಅಂತ ನಮಗೆ ಗೊತ್ತು. ಆದರೂ ಮೂರು ವರ್ಷ ತುಂಬಿದ ಮಗುವಾದರೆ ಅಂಗನವಾಡಿಗೆ ಸೇರಿಸಿ. ಹೆಂಗಸರು ಜಾಸ್ತಿ ಕೆಲಸ ಮಾಡುವ ಕಾರ್ಖಾನೆಯಲ್ಲಿ, ದೊಡ್ಡ ಕಟ್ಟಡದ ಸೈಟಿನಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಕೋಣೆ ಇರಬೇಕೆಂಬ ನಿಯಮ ಇದೆ. ಮೇಸ್ತ್ರಿಯನ್ನು, ಸೂಪರ್‌ವೈಸರನ್ನು ಕೇಳಿ, ನಾಲ್ಕು ಜನ ಸೇರಿ ಕೇಳಿ. ಶಾಲೆಗೆ ಹೋದರೆ ಮಧ್ಯಾಹ್ನದ ಬಿಸಿಯೂಟ ಇದೆ, ಹಾಲು ಇದೆ, ಮೊಟ್ಟೆ ಇದೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಸಿಗುತ್ತದೆ. ಹದಿನಾಲ್ಕು ತುಂಬದ ಮಗುವನ್ನು ನಿಮ್ಮ ಜೊತೆ ಸೈಟಿನ ಕೆಲಸಕ್ಕೆ ಕರೆದುಕೊಂಡು ಹೋಗಬೇಡಿ, ಅದು ಅಪರಾಧ.

ಊರು, ಜಾತ್ರೆ, ಮದುವೆ

ಊರಿಗೆ ಹೋಗಬೇಡಿ ಅಂತ ನಾವು ಹೇಳುವುದಿಲ್ಲ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಹೋಗದೆ ಇರಲಾಗುತ್ತಾ? ಕೊಪ್ಪಳದ ಗವಿಮಠದ ಜಾತ್ರೆ ಜನವರಿಯಲ್ಲಿ, ಕಲಬುರಗಿ ಶರಣಬಸವೇಶ್ವರ ಜಾತ್ರೆ ಹೋಳಿ ಆದಮೇಲೆ. ಎಲ್ಲವೂ ಶಾಲೆ ನಡೆಯುವ ಕಾಲದಲ್ಲೇ ಬರುತ್ತವೆ, ಶರಣಬಸವೇಶ್ವರರ ಜಾತ್ರೆಯಂತೂ ಪರೀಕ್ಷೆಯ ಆಸುಪಾಸಿನಲ್ಲೇ. ವರ್ಷಕ್ಕೆ ಯಾವುದಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಅಂತ ಜೂನ್‌ನಲ್ಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಉಳಿದ ಓಡಾಟವನ್ನು ದಸರಾ ರಜೆಗೆ, ಏಪ್ರಿಲ್ ರಜೆಗೆ ಇಟ್ಟುಕೊಳ್ಳಿ. ಹೋಗುವ ಮುಂಚೆ ಶಾಲೆಗೆ ಹೇಳಿ, ವಾಪಸ್ ಬರುವ ಬಸ್ಸಿಗೆ ಹೋಗುವಾಗಲೇ ಟಿಕೆಟ್ ಮಾಡಿಸಿ. ಎರಡು ದಿನಕ್ಕೆ ಅಂತ ಹೋಗಿ ಹದಿನೈದು ದಿನ ಉಳಿಯುವುದು ವಾಪಸ್ ಟಿಕೆಟ್ ಇಲ್ಲದವರೇ ಜಾಸ್ತಿ.

ತುಂಬಾ ದಿನ ಊರಲ್ಲೇ ಇರಬೇಕಾಗಿ ಬಂದರೆ, ಬಾಣಂತನ, ಸಾವು ಅಂತ, ಇಲ್ಲಿನ ಹೆಡ್ ಮೇಷ್ಟ್ರ ಹತ್ತಿರ ಮಾತಾಡಿ. ಅಷ್ಟು ದಿನ ಮಗು ಊರ ಶಾಲೆಯಲ್ಲಿ ಕೂರಬಹುದಾ ಅಂತ ಕೇಳಿ.

ತುಂಬಾ ದಿನ ಬಿಟ್ಟುಹೋಗಿದ್ದರೆ

ಇದನ್ನು ಓದುವ ಹೊತ್ತಿಗೆ ನಿಮ್ಮ ಮಗು ಎರಡು ಮೂರು ತಿಂಗಳಿಂದ ಮನೆಯಲ್ಲೇ ಇರಬಹುದು. ನಾಳೆಯೇ ಹೋಗಿ. ಮಗುವನ್ನು ಒಂಟಿಯಾಗಿ ಕಳಿಸಬೇಡಿ, ಮೊದಲ ದಿನ ಜೊತೆಗೆ ಹೋಗಿ, ಹಿಂದಿನ ದಿನವೇ ಟೀಚರಿಗೆ ತಿಳಿಸಿ, ಎಲ್ಲರ ಮುಂದೆ ಏನೂ ಕೇಳಬೇಡಿ ಅಂತ ವಿನಂತಿ ಮಾಡಿ. ಹೆಸರು ಹೊಡೆದುಹಾಕಿದ್ದೇವೆ ಅಂದರೆ ಮತ್ತೆ ಸೇರಿಸಿ ಅಂತ ಅರ್ಜಿ ಕೊಡಿ. 8ನೇ ತರಗತಿವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. ಶಾಲೆಯಲ್ಲಿ ಆಗದಿದ್ದರೆ ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಸಮಿತಿಯವರನ್ನು ಕಾಣಿ, ಅಲ್ಲಿ ಹೆಚ್ಚಿನವರು ನಿಮ್ಮ ಹಾಗೇ ಮಕ್ಕಳ ತಂದೆ ತಾಯಂದಿರೇ. ಅಲ್ಲೂ ಆಗದಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ. ಮಗುವನ್ನು ಯಾರಾದರೂ ಕೆಲಸಕ್ಕೆ ಇಟ್ಟುಕೊಂಡಿದ್ದರೆ, ಮದುವೆ ಮಾಡಲು ಹೊರಟಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಅದು ಉಚಿತ.

ಅರ್ಜಿ ಬರೆಯಲು ಕಷ್ಟವಾದರೆ ಭಾನುವಾರ ಬೆಳಿಗ್ಗೆ ಸಂಘಕ್ಕೆ ಬನ್ನಿ. ಮಗುವನ್ನೂ ಕರೆತನ್ನಿ, ಹಳೇ ಅಂಕಪಟ್ಟಿ, ಆಧಾರ್ ಏನಿದೆಯೋ ಅದನ್ನು ತನ್ನಿ. ಸೋಮವಾರ ಶಾಲೆಗೆ ಹೋಗುವಾಗ ನಮ್ಮವರೊಬ್ಬರು ನಿಮ್ಮ ಜೊತೆ ಬರುತ್ತಾರೆ.