ಬೊಜ್ಜು ಮತ್ತು ಅಧಿಕ ತೂಕದ ಚಾರ್ಟುಗಳಿಗೆ ಕೋಡ್ ಹಾಕುವ ಕ್ರಮ

ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಓದಿ ಕಾಯಿಲೆಗಳಿಗೆ ಬಿಲ್ಲಿನ ಕೋಡ್ ಹಾಕುವ ಹೊಸ ಕೋಡರುಗಳಿಗೆ ಬೊಜ್ಜಿನ ಕೋಡಿಂಗ್ ಸುಲಭವೆಂದು ತೋರುತ್ತದೆ. ಚಾರ್ಟಿನಲ್ಲಿ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) ಸಂಖ್ಯೆ ಕಣ್ಣಿಗೆ ಬೀಳುತ್ತದೆ, ಆ ಸಂಖ್ಯೆಗೆ ಹೊಂದುವ ಕೋಡ್ ಪುಸ್ತಕದಲ್ಲಿ ಇದೆ, ಹಾಕಿದರೆ ಮುಗಿಯಿತು ಎನಿಸುತ್ತದೆ. ಆಡಿಟ್‌ನಲ್ಲಿ ಅಂಕ ಕಳೆದುಕೊಳ್ಳುವುದೂ ಬಹುಮಟ್ಟಿಗೆ ಇಲ್ಲಿಯೇ. ಅಮೆರಿಕದಲ್ಲಿ ಬಳಸುವ ರೋಗಗಳ ಕೋಡ್ ಪಟ್ಟಿಯಾದ ಐಸಿಡಿ-10-ಸಿಎಂ ಪ್ರಕಾರ ಬೊಜ್ಜಿಗೆ ಸಾಮಾನ್ಯವಾಗಿ ಎರಡು ಕೋಡ್ ಬೇಕಾಗುತ್ತವೆ: ರೋಗನಿರ್ಣಯವನ್ನು ಹೇಳುವ ಇ66 ಗುಂಪಿನ ಒಂದು, ಬಿಎಂಐಯನ್ನು ಹೇಳುವ ಝಡ್68 ಗುಂಪಿನ ಇನ್ನೊಂದು. ಬಿಎಂಐ ಸಂಖ್ಯೆಯನ್ನು ನರ್ಸ್ ಬರೆದಿರಲಿ, ಡಯಟೀಷಿಯನ್ ಬರೆದಿರಲಿ, ಅದನ್ನು ತೆಗೆದುಕೊಳ್ಳಬಹುದು. ಆದರೆ ‘ಬೊಜ್ಜು’ ಅಥವಾ ‘ಅಧಿಕ ತೂಕ’ ಎಂಬ ನಿರ್ಣಯವನ್ನು ರೋಗಿಗೆ ಚಿಕಿತ್ಸೆ ಕೊಡುತ್ತಿರುವ ಪ್ರೊವೈಡರ್ (ವೈದ್ಯರು ಅಥವಾ ನಿರ್ಣಯ ಬರೆಯುವ ಅಧಿಕಾರವಿರುವವರು) ಮಾತ್ರ ಬರೆದಿರಬೇಕು. ಸಂಖ್ಯೆಯಿಂದ ಕಾಯಿಲೆಯನ್ನು ಊಹಿಸುವ ಅಧಿಕಾರ ಕೋಡರಿಗೆ ಇಲ್ಲ. ಉಳಿದ ನಿಯಮಗಳೆಲ್ಲ ಬಹುಪಾಲು ಇದರಿಂದಲೇ ಹುಟ್ಟುತ್ತವೆ.

ಆದ್ದರಿಂದ ಚಾರ್ಟ್ ತೆರೆದ ಕೂಡಲೇ ವೈಟಲ್ಸ್ (ತೂಕ, ರಕ್ತದೊತ್ತಡ ಮೊದಲಾದ ಅಳತೆಗಳ) ಭಾಗಕ್ಕೆ ಹೋಗದೆ ಮೊದಲು ಅಸೆಸ್‌ಮೆಂಟ್ ಮತ್ತು ಪ್ಲ್ಯಾನ್ (ಪ್ರೊವೈಡರ್ ಬರೆದ ನಿರ್ಣಯ ಮತ್ತು ಮುಂದಿನ ಕ್ರಮ) ಓದಿ. ಪ್ರೊವೈಡರ್ ಯಾವ ಪದ ಬಳಸಿದ್ದಾರೆ ಎಂಬುದನ್ನು ಹಾಗೆಯೇ ಗುರುತಿಸಿಕೊಂಡು ಕೋಡ್ ಪುಸ್ತಕದ ಅಕಾರಾದಿ ಇಂಡೆಕ್ಸಿನಲ್ಲಿ ಹುಡುಕಿ, ನಂತರ ಕೋಡುಗಳ ಕ್ರಮದಲ್ಲಿರುವ ಟ್ಯಾಬ್ಯುಲರ್ ಲಿಸ್ಟಿನಲ್ಲಿ ಖಚಿತಪಡಿಸಿಕೊಳ್ಳಿ. ಬರೀ ‘ಒಬೆಸಿಟಿ’ ಎಂದಿದ್ದರೆ ಇ66.9. ‘ಮಾರ್ಬಿಡ್’ ಅಥವಾ ‘ಸಿವಿಯರ್ ಒಬೆಸಿಟಿ’ ಎಂದಿದ್ದರೆ ಇ66.01. ಅದರ ಜೊತೆಗೆ ಆಲ್ವಿಯೋಲಾರ್ ಹೈಪೋವೆಂಟಿಲೇಷನ್ (ಶ್ವಾಸಕೋಶಕ್ಕೆ ಸಾಕಷ್ಟು ಗಾಳಿ ಹೋಗದ ಸ್ಥಿತಿ) ಇದೆ ಎಂದು ಬರೆದಿದ್ದರೆ ಇ66.2. ಔಷಧಿಯಿಂದ ಬಂದ ಬೊಜ್ಜಿಗೆ ಇ66.1, ಜೊತೆಗೆ ಆ ಔಷಧಿಯ ದುಷ್ಪರಿಣಾಮವನ್ನು ಸೂಚಿಸುವ ಕೋಡ್. ಅಧಿಕ ತೂಕಕ್ಕೆ ಇ66.3. ರೋಗಿ ಹೆಚ್ಚು ತಿನ್ನುತ್ತಾರೆ ಎಂಬ ಸಾಲು ಎಲ್ಲೋ ಕಂಡಿತೆಂದು ಇ66.09 ಹಾಕಬಾರದು; ಅತಿಯಾದ ಕ್ಯಾಲೊರಿಯಿಂದಲೇ ಬೊಜ್ಜು ಬಂದಿದೆ ಎಂದು ಪ್ರೊವೈಡರ್ ಹೇಳಿದ್ದರೆ ಮಾತ್ರ ಅದು ಸಲ್ಲುತ್ತದೆ.

2024ರ ಅಕ್ಟೋಬರ್ 1ರಿಂದ ಈ ಗುಂಪಿನಲ್ಲಿ ದೊಡ್ಡ ಬದಲಾವಣೆಯಾಯಿತು. ಬೊಜ್ಜಿನ ತೀವ್ರತೆಯ ಮಟ್ಟಗಳಾದ ಕ್ಲಾಸುಗಳಿಗೆ ಪ್ರತ್ಯೇಕ ಕೋಡುಗಳು ಬಂದವು: ಕ್ಲಾಸ್ 1ಕ್ಕೆ ಇ66.811, ಕ್ಲಾಸ್ 2ಕ್ಕೆ ಇ66.812, ಕ್ಲಾಸ್ 3ಕ್ಕೆ ಇ66.813, ಬೇರೆಡೆ ಸೇರದ ಇತರ ಬೊಜ್ಜಿಗೆ ಇ66.89. ಹಳೆಯ ಇ66.8 ಅಂದಿನಿಂದ ಅಪೂರ್ಣ ಕೋಡ್; ಅದನ್ನು ಹಾಕಿದರೆ ಕ್ಲೇಮ್ (ವಿಮೆಗೆ ಕಳಿಸುವ ಬಿಲ್) ತಿರಸ್ಕೃತವಾಗುತ್ತದೆ. ಹಾಗೆಯೇ ಹೊಸ ಕೋಡುಗಳು ಆ ದಿನಾಂಕಕ್ಕೆ ಹಿಂದಿನ ಚಾರ್ಟುಗಳಿಗೆ ಸಲ್ಲುವುದಿಲ್ಲ. ಬಾಕಿ ಉಳಿದ ಹಳೆಯ ಚಾರ್ಟುಗಳ ಮೇಲೆ ಕೆಲಸ ಮಾಡುವವರು ಹೊರರೋಗಿಯಾದರೆ ಸೇವೆಯ ದಿನಾಂಕವನ್ನು, ಒಳರೋಗಿಯಾದರೆ ಡಿಸ್ಚಾರ್ಜ್ ದಿನಾಂಕವನ್ನು ನೋಡಿಕೊಂಡೇ ಮುಂದುವರಿಯಬೇಕು.

ಕ್ಲಾಸುಗಳಿಗೆ ವೈದ್ಯರು ಬಳಸುವ ಅಳತೆ ಇದು: ವಯಸ್ಕರಲ್ಲಿ ಬಿಎಂಐ 30ರಿಂದ 34.9 ಕ್ಲಾಸ್ 1, 35ರಿಂದ 39.9 ಕ್ಲಾಸ್ 2, 40 ಮತ್ತು ಅದಕ್ಕಿಂತ ಹೆಚ್ಚು ಕ್ಲಾಸ್ 3. ಭಾರತೀಯರಿಗೆ ಮಿತಿ ಬೇರೆಯೇ ಇದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತು. 2009ರಲ್ಲಿ ಇಲ್ಲಿನ ತಜ್ಞರು ಪ್ರಕಟಿಸಿದ ಒಮ್ಮತದ ಪ್ರಕಾರ 23ರಿಂದ 24.9 ಅಧಿಕ ತೂಕ, 25ರಿಂದಾಚೆ ಬೊಜ್ಜು. ಅಮೆರಿಕದ ಚಾರ್ಟಿನಲ್ಲಿ ಭಾರತೀಯ ಮೂಲದ ರೋಗಿ ಕಂಡರೂ ಈ ತಿಳಿವಳಿಕೆಯನ್ನು ಕೋಡಿನೊಳಗೆ ತರಬೇಡಿ. ಅಲ್ಲಿನ ಪ್ರೊವೈಡರ್ 27ರ ಬಿಎಂಐಗೆ ಬೊಜ್ಜು ಎಂದು ಬರೆದರೆ ಅದು ಅವರ ನಿರ್ಣಯ. ಅವರು ಏನನ್ನೂ ಬರೆಯದಿದ್ದರೆ ನಾವು ಬರೆಯುವಂತಿಲ್ಲ.

ಒಂದು ಮಾದರಿ ಚಾರ್ಟನ್ನು ತೆಗೆದುಕೊಳ್ಳೋಣ. 52 ವರ್ಷದ ಮಹಿಳೆ ಮೊಣಕಾಲು ನೋವಿಗೆ ಬಂದಿದ್ದಾರೆ. ನರ್ಸ್ ಬರೆದ ವೈಟಲ್ಸ್‌ನಲ್ಲಿ ಬಿಎಂಐ 41.3 ಎಂದಿದೆ. ವೈದ್ಯರ ಅಸೆಸ್‌ಮೆಂಟಿನಲ್ಲಿ ಇರುವುದು ಇಷ್ಟೇ: ಎರಡೂ ಮೊಣಕಾಲಿನ ಪ್ರೈಮರಿ ಆಸ್ಟಿಯೋಆರ್ಥ್ರೈಟಿಸ್ (ಕೀಲು ಸವೆತ), ತೂಕ ಇಳಿಸಲು ಸಲಹೆ ಕೊಡಲಾಗಿದೆ. ಇಲ್ಲಿ ಮೊಣಕಾಲಿನ ಕಾಯಿಲೆಗೆ ಎಂ17.0 ಹಾಕಬಹುದು. ಬಿಎಂಐ 41.3ಕ್ಕೆ ಹೊಂದುವ ಝಡ್68.41 ಹಾಕುವಂತಿಲ್ಲ, ಏಕೆಂದರೆ ಬಿಎಂಐ ಕೋಡ್ ಯಾವಾಗಲೂ ಎರಡನೆಯ ಸಾಲಿನದು. ಅದಕ್ಕೆ ಸಂಬಂಧಪಟ್ಟ ನಿರ್ಣಯವೊಂದು ಪ್ರೊವೈಡರ್ ಕೈಯಿಂದ ಬಂದಿರಲೇಬೇಕು. ‘ತೂಕ ಇಳಿಸಲು ಸಲಹೆ’ ನಿರ್ಣಯವಲ್ಲ. ಹಾಗೆಂದು ಚಾರ್ಟನ್ನು ಹಾಗೆಯೇ ಮುಚ್ಚುವುದೂ ಸರಿಯಲ್ಲ, ಏಕೆಂದರೆ ರೋಗಿಯ ನಿಜವಾದ ಸ್ಥಿತಿ ದಾಖಲೆಗೆ ಬರದೆ ಹೋಗುತ್ತದೆ. ಇಲ್ಲಿ ಕ್ವೆರಿ, ಅಂದರೆ ಪ್ರೊವೈಡರಿಗೆ ಲಿಖಿತ ಪ್ರಶ್ನೆ, ಕಳಿಸಬೇಕು.

ಕ್ವೆರಿಯ ಭಾಷೆಗೆ ಹೆಚ್ಚಿನ ಎಚ್ಚರ ಬೇಕು. ‘ದಯವಿಟ್ಟು ಮಾರ್ಬಿಡ್ ಒಬೆಸಿಟಿ ಎಂದು ದಾಖಲಿಸಿ’ ಎಂದು ಬರೆದರೆ ಉತ್ತರವನ್ನು ನಾವೇ ಬಾಯಿಗೆ ಹಾಕಿದಂತಾಗುತ್ತದೆ, ಅಂಥ ಕ್ವೆರಿ ಆಡಿಟ್‌ನಲ್ಲಿ ನಿಲ್ಲುವುದಿಲ್ಲ. ಚಾರ್ಟಿನಲ್ಲಿರುವ ಸಂಗತಿಗಳನ್ನು ಮೊದಲು ಇಡಿ: ಇಂಥ ದಿನ ನರ್ಸ್ ಬರೆದ ಬಿಎಂಐ 41.3, ತೂಕ ಇಳಿಸುವ ಸಲಹೆ. ನಂತರ, ಈ ಬಿಎಂಐಗೆ ಸಂಬಂಧಿಸಿದ ನಿರ್ಣಯವೇನಾದರೂ ಇದೆಯೇ ಎಂದು ಕೇಳಿ, ಆಯ್ಕೆಗಳಲ್ಲಿ ಅಧಿಕ ತೂಕ, ಬೊಜ್ಜು ಮತ್ತು ಅದರ ಕ್ಲಾಸ್, ಬೇರೆ ನಿರ್ಣಯ, ಮಹತ್ವದ ನಿರ್ಣಯ ಯಾವುದೂ ಇಲ್ಲ, ನಿರ್ಧರಿಸಲಾಗದು ಎಂಬ ಎಲ್ಲವನ್ನೂ ಕೊಡಿ. ಹಣ ಎಷ್ಟು ಹೆಚ್ಚುತ್ತದೆ ಎಂಬ ಸುಳಿವು ಎಲ್ಲಿಯೂ ಇರಬಾರದು. ವೈದ್ಯರು ಕ್ಲಾಸ್ 3 ಎಂದು ಸೇರಿಸಿದರೆ ಮಾತ್ರ ಎಂ17.0ರ ನಂತರ ಇ66.813, ಅದರ ನಂತರ ಝಡ್68.41.

ಇಷ್ಟು ಬಿಗಿ ಏಕೆಂದರೆ, ಝಡ್68.41ರಿಂದ ಝಡ್68.45ರ ವರೆಗಿನ ಕೋಡುಗಳು ಒಳರೋಗಿ ಬಿಲ್ಲಿನಲ್ಲಿ ಸಿಸಿ (ತೊಡಕು ಅಥವಾ ಜೊತೆ ಕಾಯಿಲೆ) ಎಂದು ಎಣಿಕೆಯಾಗುತ್ತವೆ, ಅಂದರೆ ಆಸ್ಪತ್ರೆಗೆ ಸಿಗುವ ಹಣವನ್ನು ನಿರ್ಧರಿಸುವ ಗುಂಪಾದ ಡಿಆರ್‌ಜಿಯನ್ನೇ ಬದಲಿಸಬಲ್ಲವು. ಅಮೆರಿಕದ ಸರ್ಕಾರಿ ವಿಮೆಯನ್ನು ಖಾಸಗಿ ಕಂಪನಿಗಳ ಮೂಲಕ ಕೊಡುವ ಮೆಡಿಕೇರ್ ಅಡ್ವಾಂಟೇಜ್‌ನ ರೋಗಿಯ ಕಾಯಿಲೆಗಳಿಗೆ ತಕ್ಕಂತೆ ಹಣ ಹೊಂದಿಸುವ ರಿಸ್ಕ್ ಅಡ್ಜಸ್ಟ್‌ಮೆಂಟಿನಲ್ಲಿಯೂ ಮಾರ್ಬಿಡ್ ಒಬೆಸಿಟಿಗೆ ಸ್ವಂತ ರೋಗಗುಂಪು, ಅಂದರೆ ಎಚ್‌ಸಿಸಿ ಇದೆ. ಆ ಲೆಕ್ಕದ ವಿ28 ಆವೃತ್ತಿಯಲ್ಲಿ ಅದರ ಸಂಖ್ಯೆ 48. ಆಧಾರವಿಲ್ಲದೆ ಹಾಕಿದ ಇಂಥ ಒಂದು ಕೋಡ್ ಆಸ್ಪತ್ರೆ ಹಣ ಹಿಂದಿರುಗಿಸುವ ಸ್ಥಿತಿ ತರುತ್ತದೆ, ರೋಗಿಯ ದಾಖಲೆಯಲ್ಲಿ ಅವರ ವೈದ್ಯರು ಹೇಳದ ಕಾಯಿಲೆಯೊಂದು ಉಳಿದುಬಿಡುತ್ತದೆ. ಎರಡನೆಯದು ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ.

ಬಿಎಂಐ ಬರೆದಿಲ್ಲ, ಎತ್ತರ ಮತ್ತು ತೂಕ ಮಾತ್ರ ಇವೆ ಎಂದಾಗ ಕ್ಯಾಲ್ಕ್ಯುಲೇಟರ್ ತೆಗೆಯಬೇಡಿ. ಲೆಕ್ಕ ಹಾಕಿ ಕೋಡ್ ಕೊಡುವುದು ಕೋಡರಿನ ಕೆಲಸವಲ್ಲ. ವೈದ್ಯರು ಕ್ಲಾಸ್ 2 ಎಂದು ಬರೆದು ನರ್ಸ್ 33.8 ಎಂದು ದಾಖಲಿಸಿದ್ದರೆ ಯಾವುದು ಸರಿ ಎಂದು ನಾವು ತೀರ್ಮಾನಿಸದೆ ಕ್ವೆರಿ ಕಳಿಸಬೇಕು. ಆದರೆ ಮಾರ್ಬಿಡ್ ಒಬೆಸಿಟಿ ಎಂದು ಬರೆದಿರುವಲ್ಲಿ ಬಿಎಂಐ 36 ಇದ್ದ ಮಾತ್ರಕ್ಕೆ ಅದು ವಿರೋಧಾಭಾಸವಲ್ಲ. 35 ದಾಟಿದವರಿಗೆ ಮಧುಮೇಹ ಅಥವಾ ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆ ಜೊತೆಗಿದ್ದಾಗ ವೈದ್ಯರು ಹಾಗೆ ನಿರ್ಣಯಿಸುವುದುಂಟು. ಅಲ್ಲಿ ಇ66.01, ಝಡ್68.36 ಮತ್ತು ಆ ಜೊತೆ ಕಾಯಿಲೆಗಳ ಕೋಡುಗಳನ್ನು ಹಾಕಿ.

ಬೊಜ್ಜು ಮತ್ತು ಅಧಿಕ ತೂಕದ ನಡುವೆ ಇನ್ನೊಂದು ವ್ಯತ್ಯಾಸವಿದೆ. ಪ್ರೊವೈಡರ್ ಬೊಜ್ಜು ಎಂದು ದಾಖಲಿಸಿದ್ದರೆ ಅದು ಯಾವಾಗಲೂ ವೈದ್ಯಕೀಯವಾಗಿ ಮಹತ್ವದ್ದು, ಬೇರೆ ಚಿಕಿತ್ಸೆಯ ಪುರಾವೆ ಇಲ್ಲದಿದ್ದರೂ ಕೋಡ್ ಹಾಕಬೇಕು ಎಂದು 2018ರ ನಾಲ್ಕನೆಯ ತ್ರೈಮಾಸಿಕದ ಕೋಡಿಂಗ್ ಕ್ಲಿನಿಕ್ (ಕೋಡಿಂಗ್ ಸಲಹೆಗಳ ಅಧಿಕೃತ ಪತ್ರಿಕೆ) ಸ್ಪಷ್ಟಪಡಿಸಿದೆ. ಅಧಿಕ ತೂಕಕ್ಕೆ ಈ ರಿಯಾಯಿತಿ ಇಲ್ಲ. ಆ ಭೇಟಿಯಲ್ಲಿ ಅದರ ಮೌಲ್ಯಮಾಪನ, ಪರೀಕ್ಷೆ, ಸಲಹೆ ಅಥವಾ ಚಿಕಿತ್ಸೆ ನಡೆದಿದ್ದರೆ ಮಾತ್ರ ಇ66.3 ಹಾಕಿ.

ಗರ್ಭಿಣಿಯರ ಚಾರ್ಟಿನಲ್ಲಿ ಕ್ರಮವೇ ಬೇರೆ. ಮೊದಲು ಓ99.21 ಉಪಗುಂಪಿನ ಕೋಡ್ ಬರುತ್ತದೆ: ಮೊದಲ, ಎರಡನೆಯ, ಮೂರನೆಯ ತ್ರೈಮಾಸಿಕಕ್ಕೆ ಕ್ರಮವಾಗಿ ಓ99.211, ಓ99.212, ಓ99.213, ಹೆರಿಗೆಗೆ ಓ99.214, ಬಾಣಂತನಕ್ಕೆ ಓ99.215. ನಂತರ ಬೊಜ್ಜಿನ ಬಗೆಯನ್ನು ಹೇಳುವ ಇ66 ಕೋಡ್. ಗರ್ಭಾವಸ್ಥೆಯಲ್ಲಿ ಝಡ್68 ಹಾಕುವಂತಿಲ್ಲ, ಬಿಎಂಐ ಎಷ್ಟೇ ಸ್ಪಷ್ಟವಾಗಿ ಬರೆದಿರಲಿ.

ಮಕ್ಕಳಲ್ಲಿ ಬಿಎಂಐ ಸಂಖ್ಯೆಯ ಬದಲು ವಯಸ್ಸಿಗೆ ತಕ್ಕ ಪರ್ಸೆಂಟೈಲ್ (ಅದೇ ವಯಸ್ಸಿನ ಮಕ್ಕಳ ನಡುವಿನ ಸ್ಥಾನ) ನೋಡಬೇಕು. ವಯಸ್ಕರ ಕೋಡುಗಳು 20 ವರ್ಷದಿಂದ ಶುರುವಾಗುತ್ತವೆ. 2ರಿಂದ 19ರ ವಯಸ್ಸಿನವರಿಗೆ ಝಡ್68.5 ಉಪಗುಂಪು. 2024ರ ಬದಲಾವಣೆಯಲ್ಲಿ ಝಡ್68.55 ಮತ್ತು ಝಡ್68.56 ಸೇರಿ ತೀವ್ರ ಬೊಜ್ಜಿನ ಮಕ್ಕಳನ್ನು ಪ್ರತ್ಯೇಕವಾಗಿ ಗುರುತಿಸುವಂತಾಯಿತು: 95ನೆಯ ಪರ್ಸೆಂಟೈಲಿನ ಶೇ. 120ರಿಂದ 140ರೊಳಗಿದ್ದರೆ ಮೊದಲನೆಯದು, ಶೇ. 140 ಅಥವಾ ಹೆಚ್ಚಿದ್ದರೆ ಎರಡನೆಯದು.

ಬೊಜ್ಜಿಗೆ ಶಸ್ತ್ರಚಿಕಿತ್ಸೆ ಆದವರ ಚಾರ್ಟಿನಲ್ಲಿ ಝಡ್98.84 ಸೇರಿಸಿ, ಆದರೆ ಹಳೆಯ ಬೊಜ್ಜನ್ನು ಈಗಿನದೆಂದು ಎಳೆದು ತರಬೇಡಿ. ರೋಗಿಯ ಕಾಯಿಲೆಗಳ ಪಟ್ಟಿಯಾದ ಪ್ರಾಬ್ಲಂ ಲಿಸ್ಟಿನಲ್ಲಿ ಎಂದೋ ಸೇರಿದ ‘ಮಾರ್ಬಿಡ್ ಒಬೆಸಿಟಿ’ ತಾನಾಗಿ ಪ್ರತಿ ಭೇಟಿಗೂ ಕಾಪಿ ಆಗುತ್ತಿರುತ್ತದೆ. ಇಂದಿನ ಬಿಎಂಐ 27 ಎಂದಿದ್ದು ವೈದ್ಯರ ಇಂದಿನ ಟಿಪ್ಪಣಿಯಲ್ಲಿ ಬೊಜ್ಜಿನ ಮಾತೇ ಇಲ್ಲದಿದ್ದರೆ, ಇ66.01 ಹಾಕುವ ಮೊದಲು ಕ್ವೆರಿ ಹೋಗಲಿ.