ಜಾಲಿ ಕಡಿಯುವಾಗ ಚೈನ್‌ಸಾ ದಮ್ಮು ಕಳೆದುಕೊಂಡರೆ

ಕಲಬುರಗಿ ಕಡೆ ಬದುವಿನ ಜಾಲಿ ಕಡಿಯುವಾಗ ಚೈನ್‌ಸಾ ಎಳೆಯದಿದ್ದರೆ ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ, ಎರೆಮಣ್ಣಿನ ಧೂಳು ಅಲ್ಲೇ ಕೂತಿರುತ್ತದೆ. ಆಮೇಲೆ ಸ್ಪಾರ್ಕ್ ಪ್ಲಗ್ ನೋಡಿ, ಅದರ ಗ್ಯಾಪ್ (ಕಿಡಿ ಹಾರುವ ಸಂದು) ಸಾಮಾನ್ಯವಾಗಿ 0.5 ಮಿ.ಮೀ. ಸೈಲೆನ್ಸರ್ ಬಾಯಿಯ ಜಾಳಿಗೆ ಮಸಿ ಕಟ್ಟಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ, ಎಷ್ಟೋ ಸಲ ಇಷ್ಟಕ್ಕೇ ಪವರ್ ವಾಪಸ್ ಬರುತ್ತದೆ.

ಇನ್ನೂ ಜಾಸ್ತಿ ಬೇಕು ಅಂತ ಸೈಲೆನ್ಸರ್ ತೂತು ದೊಡ್ಡದು ಮಾಡಿಸುತ್ತಾರಲ್ವಾ, ಆಗ ಮಿಕ್ಸ್ಚರ್ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಕಾರ್ಬುರೇಟರ್‌ನ ಎಚ್ ಸ್ಕ್ರೂ (ಫುಲ್ ರೇಸ್‌ಗೆ ಪೆಟ್ರೋಲ್ ಹೊಂದಿಸುವ ಸ್ಕ್ರೂ) ಸ್ವಲ್ಪ ಎಡಕ್ಕೆ ತಿರುಗಿಸಿ ಪೆಟ್ರೋಲ್ ಹೆಚ್ಚಿಸದಿದ್ದರೆ ನಮ್ಮ ಮೇ ತಿಂಗಳ ಬಿಸಿಲಲ್ಲಿ ಪಿಸ್ಟನ್ ಜಾಮ್ ಆಗುವುದು ಗ್ಯಾರಂಟಿ. ಫುಲ್ ರೇಸ್‌ನಲ್ಲಿ ಸದ್ದು ಕೀರಲಾಗಿರಬಾರದು. ಸ್ವಲ್ಪ ಗುರುಗುಟ್ಟಬೇಕು, ಮರಕ್ಕೆ ಹಚ್ಚಿದ ಕೂಡಲೇ ಸಾಫಾಗಬೇಕು. ಆಯಿಲ್ ಅಂದಾಜಿಗೆ ಸುರಿಯಬೇಡಿ: 50:1 ಅಂದರೆ ಲೀಟರ್ ಪೆಟ್ರೋಲಿಗೆ 20 ಎಂಎಲ್ ಟೂ-ಸ್ಟ್ರೋಕ್ ಆಯಿಲ್, ಅಳೆದೇ ಹಾಕಿ.