ಹಳೆ ಇಂಟರ್‌ಪ್ರಿಟರ್‌ನಲ್ಲಿ ನನ್ನ ಆಟ ಓಡಿದ್ದು ಹೀಗೆ

ಇನ್‌ಫಾರ್ಮ್ 6 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪುಟ್ಟ ಪಠ್ಯ ಸಾಹಸದ ಆಟ (ಓದಿ, ಆಜ್ಞೆ ಟೈಪ್ ಮಾಡಿ ಆಡುವ ಆಟ) ಬರೆದಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿತ್ತು. ಹಳೆಯ ಮನೆ ಕಂಪ್ಯೂಟರ್ ಕಮೊಡೋರ್ 64ನ್ನು ಅನುಕರಿಸುವ ಎಮ್ಯುಲೇಟರ್‌ನಲ್ಲಿ, ಇಂಥ ಆಟಗಳ ಕಂಪನಿ ಇನ್ಫೋಕಾಮ್ ಕಾಲದ ಇಂಟರ್‌ಪ್ರಿಟರ್ (ಆಟದ ಫೈಲ್ ಓದಿ ಓಡಿಸುವ ಪ್ರೋಗ್ರಾಮ್) ಅದನ್ನು ತೆರೆಯಲೇ ಇಲ್ಲ. ಫೈಲಿನ ಮೊದಲ ಬೈಟ್ ನೋಡಿದೆ: 5. ಇಂಥ ಆಟಗಳು ಓಡುವ ಕಾಲ್ಪನಿಕ ಕಂಪ್ಯೂಟರ್ ಝೆಡ್-ಮಷೀನ್; ಅದರ ಫೈಲಿನಲ್ಲಿ ಆವೃತ್ತಿ ಇರುವುದೇ ಅಲ್ಲಿ. ಆ ಇಂಟರ್‌ಪ್ರಿಟರ್ ಓದುವುದು 3 ಮಾತ್ರ.

ಈ ಝೆಡ್-ಮಷೀನ್ ಹುಟ್ಟಿದ ಕಥೆಯೇ ಸೊಗಸು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್ ಪಿಡಿಪಿ-10ರಲ್ಲಿದ್ದ ಝಾರ್ಕ್ ಎಂಬ ಆಟ ಮನೆ ಕಂಪ್ಯೂಟರಿಗೆ ತುಂಬಾ ದೊಡ್ಡದು. ಇನ್ಫೋಕಾಮ್‌ನವರು ಅದನ್ನು ಮೂರು ಆಟಗಳಾಗಿ ಒಡೆದರು. ಮೊದಲನೆಯದು 1980ರಲ್ಲಿ ಬಂತು. ಆಟ ಬರೆದದ್ದು ಝೆಡ್-ಮಷೀನ್ ಎಂಬ ಆ ಕಾಲ್ಪನಿಕ ಯಂತ್ರಕ್ಕೆ, ಅದನ್ನು ಓಡಿಸಲು ಪ್ರತಿ ಬಗೆಯ ಕಂಪ್ಯೂಟರಿಗೂ ಒಂದು ಇಂಟರ್‌ಪ್ರಿಟರ್. ಬದಲಾಗುವ ಮಾಹಿತಿ ಸದಾ ಮೆಮೊರಿಯಲ್ಲಿ. ಉಳಿದದ್ದರಲ್ಲಿ ಹೆಚ್ಚಿನದು ಬೇಕಾದಾಗ ಫ್ಲಾಪಿಯಿಂದ. ಎಂಥಾ ಜಾಣತನ ಅಲ್ವಾ!

ನನ್ನ ಆಟಕ್ಕೆ ಪರಿಹಾರ: ಇನ್‌ಫಾರ್ಮ್‌ನ ಮಾಮೂಲಿ ಲೈಬ್ರರಿ (ಸಿದ್ಧ ಕೋಡ್) ಬಿಟ್ಟು, ಕಮೊಡೋರ್‌ನಂಥ ಎಂಟು-ಬಿಟ್ ಕಂಪ್ಯೂಟರಿಗೆಂದೇ ಮಾಡಿದ ಪುಟ್ಟ ಲೈಬ್ರರಿ ಪ್ಯೂನಿಇನ್‌ಫಾರ್ಮ್ ಹಾಕಿದೆ. ಕಂಪೈಲ್ ಮಾಡುವಾಗ (ಕೋಡನ್ನು ಆಟದ ಫೈಲಾಗಿ ಬದಲಿಸುವಾಗ) ಆವೃತ್ತಿ 3 ಬೇಕೆಂದು ‘-ವಿ3’ ಆಯ್ಕೆ ಕೊಟ್ಟೆ (ಟೈಪ್ ಮಾಡುವುದು ಇಂಗ್ಲಿಷಿನಲ್ಲೇ). ಆವೃತ್ತಿ 3ರ ಮಿತಿ 128 ಕೆಬಿ, 255 ವಸ್ತುಗಳು. ಕೆಲಸಕ್ಕೆ ಬಾರದ ಅಲಂಕಾರದ ವಸ್ತುಗಳನ್ನು ತೆಗೆದೆ. ಆಟ ಇನ್ನೂ ಬಿಗಿಯಾಯಿತು. ಈಗ ಫ್ಲಾಪಿ ಇಮೇಜಿನಿಂದಲೇ (ಫ್ಲಾಪಿಯ ಪ್ರತಿಯಾದ ಫೈಲಿನಿಂದಲೇ) ಓಡುತ್ತಿದೆ, ಸೇವ್ ಕೂಡ ಆಗುತ್ತಿದೆ.